ಇನ್ವರ್ಟರ್ ಬಿಚ್ಚುವ ಮೊದಲು ‘ಯಾವಾಗ’ ಅಂತ ಕೇಳಿ: ಸೋಲಾರ್ ದೋಷ ಹುಡುಕುವ ಕೈಪಿಡಿ

ಸೋಲಾರ್ ಬಂದ್ ಆಗಿದೆ ಅಂತ ಫೋನ್ ಬಂದರೆ ಹೊಸ ಹುಡುಗರ ಕೈ ಮೊದಲು ಹೋಗುವುದು ಸ್ಕ್ರೂಡ್ರೈವರ್ ಕಡೆಗೆ. ಸೋಲಾರ್ ಪ್ಲೇಟಿನ (ಪ್ಯಾನೆಲ್) ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟು ಮಾಡುವ ಇನ್ವರ್ಟರಿನ ಮುಚ್ಚಳ ಬಿಚ್ಚಿ ಒಳಗೆ ಇಣುಕುತ್ತಾರೆ. ಅಲ್ಲಿ ಏನೂ ತಿಳಿಯುವುದಿಲ್ಲ. ಸೀಲ್ ಒಡೆದದ್ದಕ್ಕೆ ವಾರಂಟಿ ಮಾತ್ರ ಹೋಗುತ್ತದೆ. ಕಡೆಗೆ ಮಾಲಕರಿಗೆ “ಬೋರ್ಡ್ ಹೋಗಿರಬೇಕ್ರೀ” ಅಂತ ಹೇಳಿ ಬರುತ್ತಾರೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಐಟಿಐ ಮುಗಿಸಿಯೋ, ಸೂರ್ಯಮಿತ್ರದಂಥ ತರಬೇತಿ ಪಡೆದೋ ಈ ಕೆಲಸಕ್ಕೆ ಇಳಿದವರಿಗಾಗಿ ಇದನ್ನು ಬರೆದಿದ್ದೇನೆ. ಪ್ಲೇಟ್ ಕೂರಿಸುವುದು, ವೈರ್ ಎಳೆಯುವುದು ನಿಮಗೆ ಗೊತ್ತು. ಕೆಟ್ಟ ಸಿಸ್ಟಂ ಮುಂದೆ ನಿಂತಾಗ ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಪೇಚು. ನಾನು ನೋಡಿದ ಮಟ್ಟಿಗೆ ಪ್ಲೇಟ್ ಕೆಡುವುದು ಕಡಿಮೆ. ಇನ್ವರ್ಟರ್ ಕೆಡುವುದು ಅದಕ್ಕಿಂತ ಸ್ವಲ್ಪ ಜಾಸ್ತಿ. ಬಹಳ ಸಲ ಸಿಕ್ಕಿಬೀಳುವುದು ಜಾಯಿಂಟು, ವೈರು, ಇಲ್ಲವೇ ಮೊದಲ ದಿನ ಕಾಗದದ ಮೇಲೆ ಹಾಕಿದ ಲೆಕ್ಕ. ಇವು ಕೆಡುವುದಕ್ಕೆ ಒಂದು ಹೊತ್ತು ಇರುತ್ತದೆ. ಮುಂಜಾನೆಯಾ, ಮಧ್ಯಾಹ್ನವಾ, ಮಳೆ ಬಿದ್ದ ಮರುದಿನವಾ? ಅದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಅದಕ್ಕೇ ಈ ಕೈಪಿಡಿಯನ್ನು ಹೊತ್ತಿನ ಪ್ರಕಾರ ಜೋಡಿಸಿದ್ದೇನೆ.

ಮುಟ್ಟುವ ಮೊದಲು

ಬಿಸಿಲು ಇರುವಷ್ಟು ಹೊತ್ತು ಪ್ಲೇಟನ್ನು ಆಫ್ ಮಾಡಲು ಯಾವ ಸ್ವಿಚ್ಚೂ ಇಲ್ಲ. ಪ್ಲೇಟಿಗೂ ಇನ್ವರ್ಟರಿಗೂ ನಡುವಿನ ಸ್ವಿಚ್ಚಾದ ಡಿಸಿ ಐಸೊಲೇಟರ್ ಇಳಿಸಿದರೂ ಪ್ಲೇಟ್ ಕಡೆಯ ವೈರಿನಲ್ಲಿ 400–500 ವೋಲ್ಟ್ ಇದ್ದೇ ಇರುತ್ತದೆ. ನಮ್ಮ ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ, ಹಾಗಾಗಿ ಕಿಡಿ ತಾನೇ ಆರುತ್ತದೆ. ಡಿಸಿಗೆ ಆ ಸೊನ್ನೆಯೇ ಇಲ್ಲ. ಕರೆಂಟು ಹರಿಯುತ್ತಿರುವಾಗ ಪ್ಲೇಟಿನ ವೈರುಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್ ಎಳೆದರೆ ಕಿಡಿ ಉರಿಯುತ್ತಲೇ ಇರುತ್ತದೆ.

ಇಳಿಸುವ ಕ್ರಮ ಹೀಗೆ: ಮೊದಲು ಎಸಿ ಎಂಸಿಬಿ, ಆಮೇಲೆ ಡಿಸಿ ಐಸೊಲೇಟರ್. ವೈರ್ ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಹಾಕಿ ಕರೆಂಟು ಸೊನ್ನೆ ಅಂತ ನೋಡಿದ ಮೇಲೆಯೇ ಎಂಸಿ4ಗೆ ಕೈ ಹಾಕಿ. ಕ್ಲಾಂಪ್ ಮೀಟರ್ ಡಿಸಿ ಅಳೆಯುವಂಥದ್ದೇ ಇರಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಹಳಷ್ಟು ಕ್ಲಾಂಪುಗಳು ಎಸಿ ಮಾತ್ರ ಅಳೆಯುತ್ತವೆ. ಅದನ್ನು ಡಿಸಿ ವೈರಿಗೆ ಹಾಕಿದರೆ 10 ಆಂಪ್ ಹರಿಯುತ್ತಿದ್ದರೂ ಸೊನ್ನೆ ತೋರಿಸುತ್ತದೆ. ನೀವು ಅದನ್ನು ನಂಬಿ ಕನೆಕ್ಟರ್ ಎಳೆದರೆ ಕಥೆ ಮುಗಿಯಿತು. ಮಲ್ಟಿಮೀಟರೂ, ಅದರ ವೈರುಗಳೂ 1000 ವೋಲ್ಟ್ ಡಿಸಿ ತಾಳುವಂಥವಿರಲಿ.

440 ಕಂಡರೆ ಹೆದರಬೇಡಿ

ಈಗ ಎಲ್ಲೆಡೆ ಹಾಕುತ್ತಿರುವ 540 ವ್ಯಾಟಿನ ಮೋನೋ ಪ್ಲೇಟನ್ನೇ ತೆಗೆದುಕೊಳ್ಳೋಣ. ಹಿಂದಿನ ಲೇಬಲ್ ನೋಡಿ. ಓಪನ್ ವೋಲ್ಟೇಜ್ (ಏನೂ ಜೋಡಿಸದೆ ಅಳೆದಾಗಿನದು) ಸುಮಾರು 49.5, ಕೆಲಸ ಮಾಡುವಾಗಿನ ವೋಲ್ಟೇಜ್ 41.5, ಕರೆಂಟು 13 ಆಂಪ್ ಆಸುಪಾಸು ಇರುತ್ತದೆ. ಹತ್ತು ಪ್ಲೇಟನ್ನು ಒಂದರ ಹಿಂದೊಂದು ಜೋಡಿಸಿದ ಸಾಲು, ಅಂದರೆ ಸ್ಟ್ರಿಂಗ್, 495 ವೋಲ್ಟ್ ಕೊಡಬೇಕು ಅಲ್ವಾ? ಏಪ್ರಿಲ್ ಮಧ್ಯಾಹ್ನ ವಿಜಯಪುರದ ಮಾಳಿಗೆ ಮೇಲೆ ಮೀಟರ್ ಹಿಡಿದರೆ 440 ತೋರಿಸುತ್ತದೆ. 55 ವೋಲ್ಟ್ ಕಡಿಮೆ. ಹೆಚ್ಚುಕಡಿಮೆ ಒಂದು ಪ್ಲೇಟಿನಷ್ಟು. “ಒಂದ್ ಪ್ಲೇಟ್ ಸತ್ತೈತ್ರೀ ಸರ” ಅಂತ ಹುಡುಗರು ತೀರ್ಪು ಕೊಟ್ಟೇಬಿಡುತ್ತಾರೆ.

ಯಾವ ಪ್ಲೇಟೂ ಸತ್ತಿಲ್ಲ. ಲೇಬಲ್ ಮೇಲಿನ ಅಂಕಿ ಪ್ಲೇಟಿನೊಳಗಿನ ಸೆಲ್ 25 ಡಿಗ್ರಿ ಇರುವಾಗಿನದು. ಬಿಸಿಲಲ್ಲಿ ಸೆಲ್ ಗಾಳಿಗಿಂತ 25–30 ಡಿಗ್ರಿ ಜಾಸ್ತಿ ಕಾಯುತ್ತದೆ. ಹೊರಗೆ 38 ಇದ್ದರೆ ಸೆಲ್ 65. ಪ್ರತಿ ಡಿಗ್ರಿಗೆ ವೋಲ್ಟೇಜ್ ಶೇಕಡಾ 0.27ರಷ್ಟು ಇಳಿಯುತ್ತದೆ. 40 ಡಿಗ್ರಿಗೆ ಸುಮಾರು ಶೇ 11. ಅಲ್ಲಿಗೆ 495 ಇದ್ದದ್ದು 441 ಆಯಿತು. ಲೆಕ್ಕ ಸರಿಯಾಗೇ ಇದೆ.

ಹಾಗಾದರೆ ನಿಜವಾಗಿ ಒಂದು ಪ್ಲೇಟ್ ಹೋಗಿದ್ದರೆ ತಿಳಿಯುವುದು ಹೇಗೆ? ಪಕ್ಕದ ಸ್ಟ್ರಿಂಗ್ ನೋಡಿ. ಅದೇ ಹೊತ್ತು, ಅದೇ ಬಿಸಿಲು, ಅಷ್ಟೇ ಪ್ಲೇಟು. ಅದು 441 ತೋರಿಸಿ ಇದು 397 ತೋರಿಸಿದರೆ ಒಂದು ಪ್ಲೇಟ್ ಪೂರ್ತಿ ಹೊರಗಿದೆ. ಇದು 426 ತೋರಿಸಿದರೆ, ಅಂದರೆ 15 ವೋಲ್ಟ್ ಮಾತ್ರ ಕಡಿಮೆ ಇದ್ದರೆ, ಒಂದು ಪ್ಲೇಟಿನ ಮೂರನೇ ಒಂದು ಭಾಗ ಹೋಗಿದೆ. ಪ್ಲೇಟಿನ ಹಿಂದೆ ಮೂರು ಬೈಪಾಸ್ ಡಯೋಡ್ (ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟನ್ನು ದಾಟಿಸುವವು) ಇರುತ್ತವೆ, ಅದರಲ್ಲಿ ಒಂದು ಶಾರ್ಟ್ ಆಗಿದೆ. ಹತ್ತಿರದಲ್ಲಿ ಸಿಡಿಲು ಹೊಡೆದ ಮೇಲೆ ಇದು ಜಾಸ್ತಿ. ಒಂದೊಂದೇ ಪ್ಲೇಟ್ ಬಿಡಿಸಿ ಅಳೆಯಿರಿ, 44ರ ಬದಲು 29–30 ತೋರಿಸುವುದು ಸಿಗುತ್ತದೆ.

ಒಂದೇ ಸ್ಟ್ರಿಂಗ್ ಇದ್ದರೆ ಹೋಲಿಸಲು ಏನೂ ಇಲ್ಲ. ಅದಕ್ಕೇ ಸಿಸ್ಟಂ ಚಾಲೂ ಮಾಡಿದ ದಿನವೇ ಪ್ರತಿ ಸ್ಟ್ರಿಂಗಿನ ವೋಲ್ಟೇಜು, ಕರೆಂಟು, ಹೊತ್ತು, ಪ್ಲೇಟಿನ ಬೆನ್ನಿನ ಉಷ್ಣತೆ ಬರೆದು ಡಿಸಿ ಬಾಕ್ಸಿನ ಬಾಗಿಲ ಒಳಗೆ ಅಂಟಿಸಿ. ಎರಡು ವರ್ಷ ಬಿಟ್ಟು ಬರುವವನಿಗೆ ಆ ಚೀಟಿಗಿಂತ ಒಳ್ಳೆ ಟೂಲ್ ಇಲ್ಲ. ಹಾಗೆ ಅಂಟಿಸಿದ್ದನ್ನು ನಾನು ನೋಡಿದ್ದು ಮಾತ್ರ ಅಪರೂಪ.

ಚಳಿಗಾಲದ ಮುಂಜಾನೆ ಬಂದ್, ಹತ್ತಕ್ಕೆ ಚಾಲೂ

ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ಡಿಸೆಂಬರಿನಲ್ಲಿ ಫೋನ್ ಮಾಡಿದ್ದರು. “ಮುಂಜಾನೆ ಎಂಟಕ್ಕ ಕೆಂಪ್ ಲೈಟ್ ಹತ್ತಿರ್ತೈತ್ರೀ ಸರ, ಹತ್ತ್ ಗಂಟೆಕ್ಕ ತಾನಾ ಚಾಲೂ ಆಗ್ತೈತಿ. ಬ್ಯಾಸಗ್ಯಾಗ ಹಿಂಗ ಇರ್ಲಿಲ್ಲ.” ಇಷ್ಟು ಕೇಳಿದರೆ ಸಾಕು, ದೋಷ ಎಲ್ಲಿದೆ ಅಂತ ಹೊರಡುವ ಮೊದಲೇ ಹೇಳಬಹುದು. ಪ್ಲೇಟಿನ ಎಣಿಕೆ ಜಾಸ್ತಿಯಾಗಿದೆ.

ಅಲ್ಲಿ ಇನ್ವರ್ಟರ್ ತಾಳುವ ಮೇಲಿನ ಮಿತಿ 600 ವೋಲ್ಟ್. ಹಾಕಿದ್ದು 12 ಪ್ಲೇಟ್. ಲೇಬಲ್ ಪ್ರಕಾರ 12 ಸಲ 49.5, ಒಟ್ಟು 594. ಆರು ವೋಲ್ಟ್ ಉಳಿದಿದೆ ಅಂತ ಡಿಸೈನ್ ಮಾಡಿದವರು ಖುಷಿಪಟ್ಟಿರಬೇಕು. ಆದರೆ ಕಾದಾಗ ವೋಲ್ಟೇಜ್ ಇಳಿಯುವಂತೆ ತಣ್ಣಗಾದಾಗ ಏರುತ್ತದೆ. ವಿಜಯಪುರದಲ್ಲಿ ಚಳಿಗಾಲದ ಮುಂಜಾನೆ 10 ಡಿಗ್ರಿಗೆ ಇಳಿಯುವುದು ಹೊಸದಲ್ಲ. 25ರಿಂದ 15 ಡಿಗ್ರಿ ಕೆಳಗೆ, ಅಂದರೆ ಶೇ 4 ಮೇಲೆ. 594 ಇದ್ದದ್ದು 618 ಆಗುತ್ತದೆ. ಇನ್ವರ್ಟರ್ ಹೆದರಿ ನಿಲ್ಲುತ್ತದೆ. ಹತ್ತು ಗಂಟೆಗೆ ಸೆಲ್ 30 ಡಿಗ್ರಿ ದಾಟಿದಾಗ ವೋಲ್ಟೇಜ್ 586ಕ್ಕೆ ಇಳಿದು ಚಾಲೂ ಆಗುತ್ತದೆ.

ಎರಡು ತಾಸು ತಡವಾಗಿ ಶುರುವಾದರೆ ಏನು ಮಹಾ ಅಂತ ಬಿಟ್ಟುಬಿಡಬೇಡಿ. ಮಿತಿ ದಾಟಿದ ಪ್ರತಿ ಮುಂಜಾನೆಯೂ ಇನ್‌ಪುಟ್ ಭಾಗಕ್ಕೆ ಪೆಟ್ಟು. ಒಂದು ದಿನ ಅದು ಸುಟ್ಟರೆ ಕಂಪನಿಯವರು ಇನ್ವರ್ಟರಿನ ದಾಖಲೆ ತೆಗೆದು ನೋಡುತ್ತಾರೆ, 618 ಕಾಣುತ್ತದೆ, ವಾರಂಟಿ ಇಲ್ಲ ಅನ್ನುತ್ತಾರೆ. ಅವರ ಕಡೆಯಿಂದ ಅದು ನ್ಯಾಯವೇ.

ಪರಿಹಾರ ಸುಲಭ, ಮಾಲಕರಿಗೆ ಹೇಳುವುದು ಕಷ್ಟ. 11 ಪ್ಲೇಟ್ ಹಾಕಿದರೆ 10 ಡಿಗ್ರಿಯಲ್ಲಿ 566, ಇನ್ನೂ ಐದು ಡಿಗ್ರಿ ಇಳಿದರೂ 574. ಹನ್ನೆರಡನೆಯದು ಸುಮ್ನೆ ಕೂರಬೇಕು. ಇನ್ವರ್ಟರಿಗೆ ಎರಡು ಎಂಪಿಪಿಟಿ ಇನ್‌ಪುಟ್ (ಎರಡು ಸ್ಟ್ರಿಂಗುಗಳನ್ನು ಬೇರೆ ಬೇರೆಯಾಗಿ ನಡೆಸುವ ದಾರಿ) ಇದ್ದರೆ ಆರು-ಆರು ಮಾಡಬಹುದು. ಆಗ ಬೇಸಿಗೆಯ ಲೆಕ್ಕ ನೋಡಲೇಬೇಕು. ಸೆಲ್ 70 ಡಿಗ್ರಿ ಆದಾಗ 41.5 ವೋಲ್ಟ್ ಕೊಡುವ ಪ್ಲೇಟ್ 35ಕ್ಕೆ ಇಳಿಯುತ್ತದೆ. ಆರಕ್ಕೆ 210. ನಿಮ್ಮ ಇನ್ವರ್ಟರ್ ಅಷ್ಟರಲ್ಲಿ ಕೆಲಸ ಮಾಡುತ್ತದೆಯೇ ಅಂತ ಅದರ ಡೇಟಾಶೀಟ್ ಹೇಳುತ್ತದೆ. ಮೇಲಿನ ಮಿತಿಯನ್ನು ಜನವರಿಗೆ ಲೆಕ್ಕ ಹಾಕಿ, ಕೆಳಗಿನದನ್ನು ಮೇ ತಿಂಗಳಿಗೆ. ನಮ್ಮ ಕಡೆ ಈ ಎರಡರ ನಡುವಿನ ಅಂತರ ದೊಡ್ಡದು.

ಮಧ್ಯಾಹ್ನ ಹನ್ನೆರಡರಿಂದ ಮೂರು: ಬರುತ್ತದೆ, ಹೋಗುತ್ತದೆ

ಬಿಸಿಲು ಚೆನ್ನಾಗಿರುವಾಗಲೇ ಇನ್ವರ್ಟರ್ ಐದೈದು ನಿಮಿಷಕ್ಕೆ ಬಿಟ್ಟು ಬಿಟ್ಟು ನಡೆಯುತ್ತಿದ್ದರೆ ಪ್ಲೇಟ್ ಕಡೆ ಹೋಗಬೇಡಿ. ಎಸಿ ಕಡೆ ಹೋಗಿ. ಡಿಸ್‌ಪ್ಲೇಯಲ್ಲಿ ಗ್ರಿಡ್ ಓವರ್ ವೋಲ್ಟೇಜ್ ಅಂತಲೋ ಅದರ ನಂಬರೋ ಇರುತ್ತದೆ.

ತೋಟದ ಮನೆಗಳಲ್ಲಿ ಇದು ಮಾಮೂಲು. ಮೀಟರ್ ಬೋರ್ಡ್ ರಸ್ತೆ ಬದಿಗೆ, ಮನೆ 60 ಮೀಟರ್ ಒಳಗೆ. 5 ಕಿಲೋವ್ಯಾಟ್ ಸಿಂಗಲ್ ಫೇಸ್ ಇನ್ವರ್ಟರ್ ತುಂಬು ಬಿಸಿಲಿಗೆ ಸುಮಾರು 22 ಆಂಪ್ ಹೊರಗೆ ತಳ್ಳುತ್ತದೆ. ನಡುವೆ ಇರುವುದು 4 ಸ್ಕ್ವೇರ್ ಎಂಎಂ ತಾಮ್ರದ ವೈರ್. ಅದರ ತಡೆ ಕಿಲೋಮೀಟರಿಗೆ 4.6 ಓಮ್. ಹೋಗಿ ಬರಲು 120 ಮೀಟರ್, ತಡೆ 0.55 ಓಮ್. 22 ಆಂಪಿಗೆ 12 ವೋಲ್ಟ್ ಆಯಿತು. ಕರೆಂಟು ಒಳಗೆ ಬರುವಾಗ ವೈರಿನಲ್ಲಿ ವೋಲ್ಟೇಜ್ ಇಳಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಹೊರಗೆ ಹೋಗುವಾಗ ಅಷ್ಟೇ ಏರುತ್ತದೆ ಅನ್ನುವುದು ಮರೆತುಹೋಗುತ್ತದೆ. ಮಧ್ಯಾಹ್ನ ಪಂಪ್ ಇಲ್ಲ, ಗಿರಣಿ ಇಲ್ಲ, ಲೈನ್ 244 ಇದೆ ಅನ್ನಿ. ಇನ್ವರ್ಟರ್ ಬಾಯಲ್ಲಿ 256 ಆಗುತ್ತದೆ. 230ರ ಮೇಲೆ ಶೇ 10, ಅಂದರೆ 253 ದಾಟಿದರೆ ಬಹಳಷ್ಟು ಇನ್ವರ್ಟರುಗಳು ಕೈ ಬಿಡುತ್ತವೆ. ಬಿಟ್ಟ ತಕ್ಷಣ ಮತ್ತೆ 244. ಸರಿಯಾಯಿತು ಅಂತ ಅದು ಮತ್ತೆ ಸೇರಿಕೊಳ್ಳುತ್ತದೆ. ದಿನವಿಡೀ ಇದೇ ಆಟ.

ಇನ್ವರ್ಟರ್ ಪೂರ್ತಿ ಜೋರಿನಲ್ಲಿ ನಡೆಯುವಾಗಲೇ ಎರಡು ಕಡೆ ಅಳೆಯಬೇಕು. ಒಬ್ಬರು ಇನ್ವರ್ಟರ್ ಹತ್ತಿರ, ಇನ್ನೊಬ್ಬರು ಮೀಟರ್ ಬೋರ್ಡ್ ಹತ್ತಿರ, ಫೋನಿನಲ್ಲಿ ಮಾತಾಡುತ್ತಾ ಒಂದೇ ಹೊತ್ತಿಗೆ. ಇಲ್ಲಿ 256, ಅಲ್ಲಿ 244 ಇದ್ದರೆ ತಪ್ಪು ನಮ್ಮ ವೈರಿನದು. 16 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಎಳೆದರೆ ಆ 12 ವೋಲ್ಟ್ ಐದಕ್ಕೆ ಇಳಿಯುತ್ತದೆ. ಅಲ್ಯೂಮಿನಿಯಂ ತಂದು ತಾಮ್ರಕ್ಕೆ ಸೇರಿಸುವಲ್ಲಿ ಬೈಮೆಟಲ್ ಲಗ್ ಹಾಕಿ, ಸುಮ್ನೆ ಸುತ್ತಿ ಟೇಪ್ ಹಚ್ಚಿದರೆ ಮುಂದಿನ ವರ್ಷ ಅದೇ ಜಾಯಿಂಟಿಗೆ ಮತ್ತೆ ಬರುತ್ತೀರಿ. ಮೀಟರ್ ಬೋರ್ಡಿನಲ್ಲೇ 255 ಇದ್ದರೆ ಅದು ಲೈನಿನ ವಿಷಯ. ಮೂರು ನಾಲ್ಕು ಹೊತ್ತಿನ ರೀಡಿಂಗ್ ಫೋಟೊ ಸಮೇತ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿಸಿ. ಟ್ರಾನ್ಸ್‌ಫಾರ್ಮರ್ ಟ್ಯಾಪ್ ಬದಲಿಸುವುದು ಅವರ ಕೆಲಸ. ಮೊಬೈಲ್ ಆ್ಯಪಿನಲ್ಲಿ ಪಾಸ್‌ವರ್ಡ್ ಹಾಕಿ ಇನ್ವರ್ಟರಿನ ಮಿತಿಯನ್ನೇ 270ಕ್ಕೆ ಏರಿಸುವ ‘ರಿಪೇರಿ’ಯೂ ನಡೆಯುತ್ತದೆ. ಆಗ ಟ್ರಿಪ್ ನಿಲ್ಲುತ್ತದೆ, ಮನೆಯ ಫ್ರಿಜ್ಜು ಟಿವಿ ಸುಡುತ್ತವೆ. ದಯವಿಟ್ಟು ಬೇಡ.

ಟ್ರಿಪ್ ಆಗದೆ ಪವರ್ ಮಾತ್ರ ಇಳಿಯುತ್ತಿದ್ದರೆ ಇನ್ವರ್ಟರ್ ಎಲ್ಲಿ ನೇತುಹಾಕಿದ್ದಾರೆ ನೋಡಿ. ಪಡುವಣ ಗೋಡೆ, ತಲೆ ಮೇಲೆ ತಗಡು, ಹತ್ತಿರ ಗಾಳಿ ಇಲ್ಲ. ಸುತ್ತ 45 ಡಿಗ್ರಿ ದಾಟಿದರೆ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ಪವರ್ ಇಳಿಸುತ್ತದೆ. ಜಾಗ ಬದಲಿಸುವುದೇ ಮದ್ದು.

ಮಳೆ ಬಿದ್ದ ಮರುದಿನ

ಹುಡುಗರು ಅತಿ ಜಾಸ್ತಿ ತಡಕಾಡುವುದು ಇಲ್ಲಿ. ಮಳೆ ಬಂತು, ಮರುದಿನ ಮುಂಜಾನೆ ಇನ್ವರ್ಟರ್ ಮೇಲೆ ಐಸೊಲೇಶನ್ ಫಾಲ್ಟ್ ಅಥವಾ ಅರ್ಥ್ ಫಾಲ್ಟ್ ಅಂತ ಬರುತ್ತದೆ. ಮಧ್ಯಾಹ್ನ ನೀವು ಹೋಗುವಷ್ಟರಲ್ಲಿ ಎಲ್ಲ ಒಣಗಿ ಸರಿಯಾಗಿರುತ್ತದೆ. ಖಾನಾಪುರ ಕಡೆಯ ಮಳೆಗಾಲದಲ್ಲಿ ವಾರಗಟ್ಟಲೆ ಬಂದ್ ಬಿದ್ದಿರುವುದೂ ಉಂಟು.

ಮೊದಲು ಒಂದು ಗೊಂದಲ ಬಿಡಿಸಬೇಕು. ಅರ್ಥ್ ಫಾಲ್ಟ್ ಅನ್ನುವ ಹೆಸರು ನೋಡಿದ ಕೂಡಲೇ ಅರ್ಥಿಂಗ್ ಹೊಂಡಕ್ಕೆ ಉಪ್ಪು, ನೀರು ಸುರಿಯುವುದು ನಮ್ಮಲ್ಲಿ ರೂಢಿ. ಹೊಂಡಕ್ಕೂ ಇದಕ್ಕೂ ಸಂಬಂಧವಿಲ್ಲ. ಪ್ಲಸ್ ಅಥವಾ ಮೈನಸ್ ವೈರು ಎಲ್ಲೋ ಕಬ್ಬಿಣದ ಚೌಕಟ್ಟಿಗೆ ತಾಗಿದೆ, ಅಥವಾ ನೀರಿನ ಮೂಲಕ ಸೋರುತ್ತಿದೆ ಅಂತ ಇನ್ವರ್ಟರ್ ಹೇಳುತ್ತಿದೆ. ಹೊಂಡ ಚೆನ್ನಾಗಿದ್ದರೂ ಈ ಫಾಲ್ಟ್ ಬರುತ್ತದೆ. ಹೊಂಡದ ದೋಷ ಬೇರೆ ಕಥೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಲೆಕ್ಟ್ರೋಡಿನ ಸುತ್ತ ಜಾಗ ಬಿಡುತ್ತದೆ, ತಡೆ ಏರುತ್ತದೆ. ಹಾಗಾಗಿ ಅರ್ಥ್ ತಡೆಯನ್ನು ಅಳೆಯುವುದಿದ್ದರೆ ಏಪ್ರಿಲ್-ಮೇಯಲ್ಲಿ ಅಳೆಯಿರಿ. ಆಗಸ್ಟಿನಲ್ಲಿ ಹಸಿ ಎರೆ ನೆಲದಲ್ಲಿ ಯಾವ ಹೊಂಡವಾದರೂ ಪಾಸ್ ಆಗುತ್ತದೆ.

ಈಗ ಸೋರುವ ಜಾಗ ಹುಡುಕೋಣ. ಚೌಕಟ್ಟಿನಲ್ಲೇ ಕರೆಂಟು ಇರಬಹುದು, ಆದ್ದರಿಂದ ರಬ್ಬರ್ ಕೈಗವಸು ಹಾಕಿ, ಬರಿಗೈಯಲ್ಲಿ ಫ್ರೇಮ್ ಹಿಡಿಯಬೇಡಿ. ಎಸಿ, ಡಿಸಿ ಎರಡೂ ಇಳಿಸಿ ಸ್ಟ್ರಿಂಗುಗಳನ್ನು ಇನ್ವರ್ಟರಿನಿಂದ ಬಿಡಿಸಿ. ಪ್ರತಿ ಸ್ಟ್ರಿಂಗಿಗೂ ಮೂರು ಅಳತೆ: ಪ್ಲಸ್‌ನಿಂದ ಮೈನಸ್, ಪ್ಲಸ್‌ನಿಂದ ಅರ್ಥ್, ಮೈನಸ್‌ನಿಂದ ಅರ್ಥ್. ಸರಿಯಿರುವ ಸ್ಟ್ರಿಂಗಿನಲ್ಲಿ ಅರ್ಥ್‌ಗೆ ಹಿಡಿದ ಎರಡೂ ಅಳತೆ ಮೊದಲು ಏನೋ ತೋರಿಸಿ, ನೋಡನೋಡುತ್ತಿದ್ದಂತೆ ಸೊನ್ನೆಯತ್ತ ಜಾರುತ್ತವೆ. ಜಾರದೆ ಒಂದೇ ಅಂಕಿಯಲ್ಲಿ ನಿಂತರೆ ಅಲ್ಲಿದೆ ದೋಷ.

ಆ ಅಂಕಿಯೇ ಜಾಗವನ್ನೂ ಹೇಳುತ್ತದೆ. ಹತ್ತು ಪ್ಲೇಟಿನ ಸ್ಟ್ರಿಂಗ್, ಒಟ್ಟು 441. ಪ್ಲಸ್‌ನಿಂದ ಅರ್ಥ್‌ಗೆ 132, ಮೈನಸ್‌ನಿಂದ ಅರ್ಥ್‌ಗೆ 309 ಬಂತು. ಎರಡೂ ಕೂಡಿದರೆ 441, ಸರಿ. ಒಂದು ಪ್ಲೇಟಿಗೆ 44. 132 ಅಂದರೆ ಮೂರು ಪ್ಲೇಟು. ಪ್ಲಸ್ ತುದಿಯಿಂದ ಎಣಿಸಿ ಮೂರನೇ ಮತ್ತು ನಾಲ್ಕನೇ ಪ್ಲೇಟಿನ ನಡುವೆ ಕೈ ಹಾಕಿ. ಅಲ್ಲಿ ಎಂಸಿ4 ಜೋಡಿ ರೇಲಿನ ಒಳಗೆ ಬಿದ್ದಿರುತ್ತದೆ, ರೇಲಿನಲ್ಲಿ ಮಳೆ ನೀರು ನಿಂತಿರುತ್ತದೆ. ಅಥವಾ ಪ್ಲೇಟ್ ಕೂರಿಸುವಾಗ ವೈರು ಫ್ರೇಮಿಗೂ ರೇಲಿಗೂ ನಡುವೆ ಸಿಕ್ಕಿ ಒತ್ತಿಹೋಗಿರುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣದು. ಬೆರಳಾಡಿಸಿದರೆ ವೈರಿನ ಮೈಮೇಲೆ ಚಪ್ಪಟೆಯಾದ ಜಾಗ ಸಿಗುತ್ತದೆ, ನಡುವೆ ಉಗುರಿನಷ್ಟು ಸೀಳು.

ಪ್ಲಸ್‌ನಿಂದ ಅರ್ಥ್‌ಗೆ ಸೊನ್ನೆಯಲ್ಲೇ ನಿಂತು ಮೈನಸ್‌ನಿಂದ ಪೂರ್ತಿ 441 ಬಂದರೆ ಪ್ಲೇಟುಗಳ ತಂಟೆಗೆ ಹೋಗಬೇಡಿ. ಮಾಳಿಗೆಯಿಂದ ಇಳಿದು ಬರುವ ಪ್ಲಸ್ ವೈರೇ ಗಾಯಗೊಂಡಿದೆ. ಪೈಪಿನ ಬಾಗಿನಲ್ಲಿ, ಪೈಪಿನ ಬಾಯಿಯ ಚೂಪು ಅಂಚಿನಲ್ಲಿ ನೋಡಿ. ಇಲಿ ಕಡಿದಿರುವುದೂ ಇದೆ. ಬಾದಾಮಿಯಲ್ಲಿ ಮಾತ್ರ ಮೊದಲ ಅನುಮಾನ ಮಂಗಗಳ ಮೇಲೆ. ಕೈಗೆ ಸಿಗುವಂತೆ ವೈರ್ ಜೋತು ಬಿಟ್ಟರೆ ಅವು ಜೋಕಾಲಿ ಆಡಿಯೇ ತೀರುತ್ತವೆ.

ಮಧ್ಯಾಹ್ನ ಹೋದಾಗ ಒಣಗಿ ಸರಿಯಾಗಿದ್ದರೆ? ಸಾಧ್ಯವಾದರೆ ಮುಂಜಾನೆ ಇಬ್ಬನಿ ಇರುವಾಗಲೇ ಹೋಗಿ. ಇಲ್ಲವಾದರೆ ವೈರಿನ ಇನ್ಸುಲೇಶನ್ ತಡೆ ಅಳೆಯುವ ಮೆಗ್ಗರ್ ಹಾಕಿ. ಸಿಡಿಲಿನ ಪೆಟ್ಟನ್ನು ನೆಲಕ್ಕೆ ಹರಿಸುವ ಸರ್ಜ್ ಪ್ರೊಟೆಕ್ಟರನ್ನೂ ಬಿಡಿಸಿ, ಇಲ್ಲದಿದ್ದರೆ ಅದರ ಮೂಲಕವೇ ಸೋರಿದಂತೆ ತೋರಿಸುತ್ತದೆ. 600 ವೋಲ್ಟಿನ ಸಿಸ್ಟಂ ಇದ್ದರೂ ಮೀಟರಿನಲ್ಲಿ ಕನಿಷ್ಠ 1 ಮೆಗಾಓಮ್ ಬರಬೇಕು. ಒಳ್ಳೆ ಹೊಸ ಸ್ಟ್ರಿಂಗ್ ಒಣ ಹವೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತೋರಿಸುತ್ತದೆ, ಹಾಗಾಗಿ 2 ಬಂದರೆ ಪಾಸ್ ಅಂತ ಬಿಟ್ಟು ಬರಬೇಡಿ. ಒಂದು ಕಡೆಯಿಂದ ನೀರು ಚಿಮುಕಿಸುತ್ತಾ ಬನ್ನಿ, ಯಾವ ಪ್ಲೇಟಿನ ಹತ್ತಿರ ಅಂಕಿ ಕುಸಿಯುತ್ತದೋ ಅಲ್ಲಿ ನಿಲ್ಲಿ. ನೀರು ಹಾಕುವವರು ಮತ್ತು ಮೀಟರ್ ಹಿಡಿದವರು ಬೇರೆ ಬೇರೆ ಇರಲಿ. ಮೆಗ್ಗರ್ ಒತ್ತಿದ ಹೊತ್ತು ಯಾರೂ ಫ್ರೇಮ್ ಮುಟ್ಟಬಾರದು.

ಸೀಳಿದ ವೈರಿಗೆ ಟೇಪ್ ಸುತ್ತಿ ಬರುವುದು ರಿಪೇರಿ ಅಲ್ಲ. ಮಾಳಿಗೆ ಬಿಸಿಲಿಗೆ ಟೇಪಿನ ಅಂಟು ಕರಗಿ ಹೋಗುತ್ತದೆ. ಆ ತುಂಡನ್ನೇ ಬದಲಿಸಿ.

ಸಿಡಿಲು ಮಳೆಯ ನಂತರ ಬಂದ್ ಆದರೆ ಮೊದಲು ಸರ್ಜ್ ಪ್ರೊಟೆಕ್ಟರಿನ ಪುಟ್ಟ ಕಿಟಕಿ ನೋಡಿ. ಹಸಿರು ಹೋಗಿ ಕೆಂಪಾಗಿದ್ದರೆ ಅದು ತನ್ನ ಕೆಲಸ ಮಾಡಿ ಸತ್ತಿದೆ, ಕಾರ್ಟ್ರಿಜ್ ಬದಲಿಸಿ. ಆಮೇಲೆ ಮೇಲೆ ಹೇಳಿದ ಡಯೋಡ್ ಪರೀಕ್ಷೆ.

ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಿದ್ದರೆ

ಎರರ್ ಇಲ್ಲ, ಟ್ರಿಪ್ ಇಲ್ಲ, ಯೂನಿಟ್ ಮಾತ್ರ ಕಡಿಮೆ. ವರ್ಷದ ಸರಾಸರಿಯಲ್ಲಿ 1 ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಅಂತ ಇಟ್ಟುಕೊಳ್ಳಿ, ಬೇಸಿಗೆಯಲ್ಲಿ ಜಾಸ್ತಿ, ಮಳೆಗಾಲದಲ್ಲಿ ಕಡಿಮೆ. ಮಾರ್ಚಿನಲ್ಲಿ ಮೂರಕ್ಕೆ ಇಳಿದಿದ್ದರೆ ಹುಡುಕಬೇಕು.

ಮೊದಲ ಅನುಮಾನ ಧೂಳು. ನಮ್ಮ ಜಿಲ್ಲೆಗಳಲ್ಲಿ ಧೂಳೂ ಒಂದೇ ಥರ ಇಲ್ಲ. ಬಾಗಲಕೋಟೆಯ ಸಿಮೆಂಟ್ ಫ್ಯಾಕ್ಟರಿಗಳ ಸುತ್ತಲಿನದು ಇಬ್ಬನಿ ಬಿದ್ದರೆ ಗಾಜಿನ ಮೇಲೆ ಗಟ್ಟಿಯಾಗಿ ಕೂರುತ್ತದೆ, ಬರೀ ನೀರು ಹೊಡೆದರೆ ಹೋಗದು. ಇಳಕಲ್ ಗ್ರಾನೈಟ್ ಕ್ವಾರಿಗಳ ಹತ್ತಿರ ಹಿಟ್ಟಿನಂಥ ಪುಡಿ. ಮುಧೋಳ, ಜಮಖಂಡಿ, ಗೋಕಾಕ ಕಡೆ ಕಬ್ಬಿನ ರವದಿ ಸುಟ್ಟಾಗ ಮಸಿ ಹಾರಿ ಬಂದು ಎಣ್ಣೆ ಎಣ್ಣೆಯಾಗಿ ಅಂಟುತ್ತದೆ. ಜೋಳದ ರಾಶಿ ಹೊತ್ತಿನಲ್ಲಿ ಹೊಟ್ಟು.

ಧೂಳೋ, ಬೇರೆಯೋ ಅಂತ ತಿಳಿಯಲು ಒಂದು ಸ್ಟ್ರಿಂಗ್ ಮಾತ್ರ ತೊಳೆಯಿರಿ, ಇನ್ನೊಂದು ಹಾಗೇ ಇರಲಿ. ಒಂದೇ ಹೊತ್ತಿಗೆ ಎರಡಕ್ಕೂ ಕ್ಲಾಂಪ್ ಹಾಕಿ. ತೊಳೆದದ್ದು 9.8 ಆಂಪ್, ತೊಳೆಯದ್ದು 8.9 ಬಂದರೆ ಶೇ 9ರಷ್ಟು ಧೂಳಿನ ಪಾಲು. ಎರಡೂ ಒಂದೇ ಬಂದರೆ ಧೂಳಿನ ಮೇಲೆ ಗೂಬೆ ಕೂರಿಸಬೇಡಿ. ತೊಳೆಯುವುದು ಬಿಸಿಲೇರುವ ಮೊದಲು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಬೋರಿನ ಗಡಸು ನೀರು ಹಾಗೇ ಒಣಗಿದರೆ ಬಿಳಿ ಕಲೆ ಕೂರುತ್ತದೆ, ವೈಪರಿನಿಂದ ಎಳೆದುಬಿಡಿ. ಪ್ಲೇಟಿನ ಕೆಳ ಅಂಚಿನಲ್ಲಿ ಕೂರುವ ಮಣ್ಣಿನ ಪಟ್ಟಿಯನ್ನು ಮರೆಯಬೇಡಿ. ಅದು ಎರಡು ಬೆರಳಿನಷ್ಟೇ ಇದ್ದರೂ ಕೆಳಗಿನ ಸಾಲಿನ ಸೆಲ್‌ಗಳನ್ನು ಮುಚ್ಚುತ್ತದೆ. ಎಲ್ಲ ಕಡೆ ಹರಡಿದ ತೆಳು ಧೂಳಿಗಿಂತ ಅದರ ಹಾನಿ ಜಾಸ್ತಿ.

ಎರಡನೆಯದು ನೆರಳು. ಹಾಕಿದಾಗ ಇಲ್ಲದ ಬೇವಿನ ಟೊಂಗೆ ಈಗ ಇದೆಯಾ, ಆಮೇಲೆ ನೀರಿನ ಟ್ಯಾಂಕ್ ಇಟ್ಟರಾ ನೋಡಿ. ಉತ್ತರಕ್ಕೆ ಏನಿದ್ದರೂ ನೆರಳು ಬೀಳುವುದಿಲ್ಲ ಅಂತ ಒಂದು ಮಾತು ಓಡಾಡುತ್ತದೆ. ಅದು ಉತ್ತರ ಭಾರತದ ಮಾತು. ವಿಜಯಪುರ ಇರುವುದು 16.8 ಡಿಗ್ರಿ ಅಕ್ಷಾಂಶದಲ್ಲಿ. ಮೇ ನಡುವಿನಿಂದ ಜುಲೈ ಕೊನೆಯತನಕ ಮಧ್ಯಾಹ್ನದ ಸೂರ್ಯನೂ ನಮ್ಮ ತಲೆಯಿಂದ ಉತ್ತರಕ್ಕೆ ಇರುತ್ತಾನೆ, ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ವಾಲಿಯೇ. ಈಶಾನ್ಯದಲ್ಲಿರುವ ಮೆಟ್ಟಿಲ ಕೋಣೆ ಬೇಸಿಗೆ ಮುಂಜಾನೆ ಎರಡು ತಾಸು ತಿಂದುಹಾಕುತ್ತದೆ.

ಮೂರನೆಯದು ಕನೆಕ್ಟರ್. ಎರಡು ಬೇರೆ ಕಂಪನಿಯ ಎಂಸಿ4 ಒಂದಕ್ಕೊಂದು ಸೇರುತ್ತವೆ, ಕ್ಲಿಕ್ ಅಂತ ಶಬ್ದವೂ ಬರುತ್ತದೆ. ಒಳಗಿನ ಪಿನ್ನು ಸರಿಯಾಗಿ ಹಿಡಿದಿರುವುದಿಲ್ಲ. ಕ್ರಿಂಪಿಂಗ್ ಟೂಲ್ ಬದಲು ಇಕ್ಕಳದಿಂದ ಒತ್ತಿದ ಪಿನ್ನಿನ ಗತಿಯೂ ಅದೇ. ಪೂರ್ತಿ ಲೋಡಿನಲ್ಲಿ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಹತ್ತಿರ ಹಿಡಿದು ಒಂದೊಂದೇ ಕನೆಕ್ಟರ್ ನೋಡಿ. ನೆರಳಿನಲ್ಲಿರುವ ಅಕ್ಕಪಕ್ಕದವಕ್ಕಿಂತ 10–15 ಡಿಗ್ರಿ ಜಾಸ್ತಿ ಇರುವುದನ್ನು ಕತ್ತರಿಸಿ ಒಂದೇ ಕಂಪನಿಯ ಜೋಡಿ ಹಾಕಿ. ಅದು ಕಪ್ಪಗಾಗಿದ್ದರೆ ಬೆಂಕಿ ಹತ್ತುವ ಮೊದಲು ನಿಮ್ಮ ಕೈಗೆ ಸಿಕ್ಕಿದೆ.

ಪಂಪ್ ತಿರುಗುತ್ತದೆ, ನೀರು ಬರುವುದಿಲ್ಲ

5 ಎಚ್‌ಪಿ ಸೋಲಾರ್ ಪಂಪಿಗೆ ಸರ್ಕಾರಿ ಯೋಜನೆಗಳಲ್ಲಿ 4800 ವ್ಯಾಟ್ ಪ್ಲೇಟ್ ಇರುತ್ತದೆ. ಕಂಟ್ರೋಲರ್ ಸರಿಯಾದ ಕರೆಂಟು ತೋರಿಸಿಯೂ ನೀರು ಕಡಿಮೆ ಇದ್ದರೆ ಮೊದಲು ಉಲ್ಟಾ ಸುತ್ತು ಅನುಮಾನಿಸಿ. ಮೂರು ಫೇಸ್ ಮೋಟಾರ್ ಹಿಂದೆ ತಿರುಗಿದರೂ ಸ್ವಲ್ಪ ನೀರು ಎತ್ತುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ. ಆಫ್ ಮಾಡಿ ಕಂಟ್ರೋಲರಿನಿಂದ ಹೊರಡುವ ಮೂರರಲ್ಲಿ ಯಾವುದಾದರೂ ಎರಡು ವೈರ್ ಅದಲು ಬದಲು ಮಾಡಿ. 200 ಲೀಟರಿನ ಡ್ರಮ್ ಎಷ್ಟು ಹೊತ್ತಿನಲ್ಲಿ ತುಂಬುತ್ತದೆ ಅಂತ ಎರಡೂ ಸಲ ನೋಡಿ. ಬೇಗ ತುಂಬಿದ್ದೇ ಸರಿ.

ಡ್ರೈ ರನ್ ಅಂತ ತೋರಿಸಿ ನಿಲ್ಲುತ್ತಿದ್ದರೆ ಬೋರಿನ ನೀರು ಇಳಿದಿರುತ್ತದೆ. ಸ್ವಲ್ಪ ಹೊತ್ತು ನಿಂತು, ಮತ್ತೆ ಓಡಿ, ಮತ್ತೆ ನಿಂತರೆ ಅನುಮಾನವೇ ಬೇಡ. ರೈತರಿಗೆ ಇದನ್ನು ಹೇಳುವುದು ಕಷ್ಟ. “ಪ್ಲೇಟ್ ಬದಲ್ ಮಾಡ್ರಿ” ಅನ್ನುತ್ತಾರೆ. ಬೋರಿನಲ್ಲಿ ನೀರಿಲ್ಲದಿದ್ದರೆ ಪ್ಲೇಟ್ ಬದಲಿಸಿ ಏನು ಬಂತು? ಡ್ರೈ ರನ್ ರಕ್ಷಣೆಯನ್ನು ಮಾತ್ರ ಯಾರು ಎಷ್ಟೇ ಒತ್ತಾಯ ಮಾಡಿದರೂ ತೆಗೆಯಬೇಡಿ, ಮೋಟಾರೇ ಸುಡುತ್ತದೆ.

ದೋಷವೇ ಅಲ್ಲದ ದೂರುಗಳು

“ಕರೆಂಟ್ ಹೋದ್ರ ಸೋಲಾರೂ ಹೋಗ್ತೈತಲ್ರೀ?” ಹೌದು, ಬ್ಯಾಟರಿ ಇಲ್ಲದ ಗ್ರಿಡ್ ಸಿಸ್ಟಂ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ನಮ್ಮ ಮಾಳಿಗೆಯಿಂದ ಶಾಕ್ ಹೊಡೆಯುತ್ತದೆ. ಇದನ್ನು ಮಾರುವಾಗಲೇ ಹೇಳಿದ್ದರೆ ಈ ಫೋನ್ ಬರುತ್ತಿರಲಿಲ್ಲ.

“ಬಿಲ್ ಕಡಿಮಿ ಆಗಿಲ್ಲ.” 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದು 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಸಿಕ್ಕ ಮೇಲೆ ಈ ದೂರು ಜಾಸ್ತಿ. ಮೀಟರ್ ಮೇಲೆ ಅನುಮಾನಪಡುವ ಮೊದಲು ಬಿಲ್ಲು ಮತ್ತು ಇನ್ವರ್ಟರ್ ಎರಡನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಇನ್ವರ್ಟರಿನಲ್ಲಿ ತಿಂಗಳಿಗೆ 360 ಯೂನಿಟ್ ಉತ್ಪಾದನೆ, ಬಿಲ್ಲಿನಲ್ಲಿ ಹೊರಗೆ ಹೋದದ್ದು 120, ಒಳಗೆ ಬಂದದ್ದು 260 ಅನ್ನಿ. 360ರಲ್ಲಿ 120 ಕಳೆದರೆ 240 ಮನೆಯಲ್ಲೇ ಖರ್ಚಾಗಿದೆ, ಅದು ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಅದಕ್ಕೆ 260 ಕೂಡಿದರೆ ಮನೆಯ ಬಳಕೆ 500. ಹಳೆ ಬಿಲ್ಲಿನಲ್ಲಿ ಬಳಕೆ 300 ಯೂನಿಟ್ ಇತ್ತು. ಸೋಲಾರ್ ಬಂತು ಅಂತ ಏರ್ ಕಂಡಿಷನರ್ ತಂದಿದ್ದಾರೆ ಅಷ್ಟೇ. ಇದನ್ನು ನಗುತ್ತಾ ಹೇಳಿ, ಮನೆಯವರ ಮುಂದೆ ಯಜಮಾನರನ್ನು ಸಿಕ್ಕಿಸಬೇಡಿ.

ತರಬೇತಿ ಕೊಡುವವರಿಗೆ

ದೋಷ ಹುಡುಕುವುದನ್ನು ಬೋರ್ಡ್ ಮೇಲೆ ಬರೆದು ಕಲಿಸಲು ಆಗುವುದಿಲ್ಲ. ನಾಲ್ಕು ಪ್ಲೇಟ್ ಸಾಕು. ಹುಡುಗರು ಚಹಾ ಕುಡಿಯಲು ಹೋದಾಗ ನೀವೇ ಒಂದು ದೋಷ ಮಾಡಿಡಿ. ಒಂದು ಪ್ಲೇಟಿನ ಕೆಳ ಸಾಲಿಗೆ ರಟ್ಟು ಮುಚ್ಚಿ. ಮತ್ತೊಂದು ದಿನ ಎರಡನೇ ಮತ್ತು ಮೂರನೇ ಪ್ಲೇಟಿನ ನಡುವಿನ ಜಾಯಿಂಟಿನಿಂದ ಒಂದು ರೆಸಿಸ್ಟರ್ ಮೂಲಕ ಫ್ರೇಮಿಗೆ ವೈರ್ ಕೊಡಿ. ಇನ್ನೊಂದು ದಿನ ಎಸಿ ಕಡೆಯ ಒಂದು ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ, ಮಾಡುವಾಗ ಸಪ್ಲೈ ಆಫ್ ಇರಲಿ, ಚಾಲೂ ಇದ್ದಷ್ಟು ಹೊತ್ತೂ ನೀವು ಪಕ್ಕದಲ್ಲೇ ನಿಂತಿರಿ. ಬಂದವರು ಮೀಟರ್ ಬಿಟ್ಟು ಬೇರೆ ಟೂಲ್ ಮುಟ್ಟುವಂತಿಲ್ಲ. ಯಾವ ಅಂಕಿ ನೋಡಿದೆ, ಅದರಿಂದ ಏನು ತಿಳಿಯಿತು, ಮುಂದಿನ ಅಳತೆ ಎಲ್ಲಿ ಅಂತ ಪ್ರತಿ ಹೆಜ್ಜೆಯನ್ನೂ ಕಾಗದದ ಮೇಲೆ ಬರೆಯಬೇಕು. ಉತ್ತರ ಸರಿಯಿದ್ದು ಅಳತೆ ಬರೆಯದಿದ್ದವರಿಗೆ ಅರ್ಧ ಮಾರ್ಕು ಕೊಡಿ. ಅಂದಾಜಿನಲ್ಲಿ ಸಿಕ್ಕ ಉತ್ತರವನ್ನು ಪೂರ್ತಿ ಒಪ್ಪಿಕೊಂಡರೆ ಅವರು ನಾಳೆ ಗಿರಾಕಿ ಮನೆಯಲ್ಲೂ ಅಂದಾಜಿನಲ್ಲೇ ಇನ್ವರ್ಟರ್ ಬಿಚ್ಚುತ್ತಾರೆ.